ಅಪಾಯದ ಲೇಬಲ್ ಇರುವ ಸರಕಿನ ಮೇಲೆ ಕಣ್ಣಿಟ್ಟರೆ ಸಾಕೇ?

ಶಿಪ್ಪಿಂಗ್ ಆಫೀಸಿಗೆ ಹೊಸದಾಗಿ ಸೇರಿದ್ದೀರಿ, ಲೇಬಲ್ ಇಲ್ಲದ ಸರಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೇ ಅಂತ ಕೇಳಿದ್ದೀರಿ. ಕೆಡಿಸಿಕೊಳ್ಳಬೇಕು. ಹಡಗಿನಲ್ಲಿ ದುಡಿದ ನನಗೆ ಹೆಚ್ಚು ಭಯ ಹುಟ್ಟಿಸುತ್ತಿದ್ದದ್ದೇ ಅದು.

ಲೇಬಲ್ ಇರುವುದಕ್ಕೆ ಐಎಂಡಿಜಿ ಕೋಡ್ ಇದೆ, ಅಂದರೆ ಅಪಾಯದ ಸರಕನ್ನು ಹಡಗಿನಲ್ಲಿ ಸಾಗಿಸುವ ಅಂತರರಾಷ್ಟ್ರೀಯ ನಿಯಮಾವಳಿ. ಒಂಬತ್ತು ವರ್ಗ, ಯಾವುದರ ಪಕ್ಕ ಯಾವುದು ಕೂಡದು, ಡೆಕ್ ಮೇಲೋ ಒಳಗೋ, ಎಲ್ಲವೂ ಅದರಲ್ಲಿದೆ. ಉದಾಹರಣೆಗೆ ಕ್ಯಾಲ್ಸಿಯಂ ಕಾರ್ಬೈಡ್: ನೀರು ತಾಗಿದರೆ ಉರಿಯುವ ಅಸಿಟಿಲೀನ್ ಅನಿಲ ಬಿಡುತ್ತದೆ, ಹಾಗಾಗಿ 4.3ನೇ ವರ್ಗ. ಆದರೆ ಪ್ಯಾಕಿಂಗ್ ಕೆಟ್ಟಿದ್ದರೆ ಲೇಬಲ್ ಏನು ಮಾಡೀತು? 2021ರಲ್ಲಿ ಎಕ್ಸ್-ಪ್ರೆಸ್ ಪರ್ಲ್ ಹಡಗಿನಲ್ಲಿ ನೈಟ್ರಿಕ್ ಆಸಿಡ್ ಕಂಟೇನರ್ ಸೋರುತ್ತಿದ್ದದ್ದು ಗೊತ್ತಿತ್ತು. ಕತಾರ್‌ನ ಹಮದ್ ಬಂದರಿನವರೂ ಗುಜರಾತಿನ ಹಜೀರಾದವರೂ ಅದನ್ನು ಇಳಿಸಿಕೊಳ್ಳಲಿಲ್ಲ. ಕೊಲಂಬೊ ಹೊರಗೆ ಹಡಗಿಗೆ ಬೆಂಕಿ ಬಿತ್ತು, ಕೊನೆಗೆ ಮುಳುಗಿತು.

ಈಗ ಲೇಬಲ್ ಇಲ್ಲದ್ದಕ್ಕೆ ಬರೋಣ. ಕಬ್ಬಿಣದ ಅದಿರಿನ ಪುಡಿ ಉರಿಯುವುದಿಲ್ಲ, ಸಿಡಿಯುವುದಿಲ್ಲ. ಆದರೆ ತೇವ ಹೆಚ್ಚಿದ್ದರೆ, ಅಲೆಯ ಕುಲುಕಾಟಕ್ಕೆ ಹೋಲ್ಡಿನೊಳಗೆ (ಹಡಗಿನ ಸರಕು ತುಂಬುವ ಒಡಲಿನಲ್ಲಿ) ರಾಡಿಯಾಗಿ ಒಂದು ಬದಿಗೆ ಹರಿಯುತ್ತದೆ. ವಾಲಿದ ಹಡಗು ಮತ್ತೆ ನೆಟ್ಟಗಾಗುವುದಿಲ್ಲ. 2009ರ ಜುಲೈಯಲ್ಲಿ, ನಡು ಮಳೆಗಾಲದಲ್ಲಿ, ನವಮಂಗಳೂರಿನಿಂದ ಅದಿರಿನ ಪುಡಿ ಹೊತ್ತು ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮಂಗಳೂರಿನ ಹತ್ತಿರವೇ ವಾಲಿ ಮುಳುಗಿತು.

ಇದಕ್ಕೆ ಹಡಗಿನಲ್ಲೇ ಮಾಡುವ ಡಬ್ಬಿ ಪರೀಕ್ಷೆಯೊಂದಿದೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಸುವ ಡಬ್ಬಿಗೆ ಅರ್ಧದಷ್ಟು ಪುಡಿ ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಮೇಜಿಗೆ 25 ಸಲ ಕುಟ್ಟಬೇಕು, ಒಂದೆರಡು ಸೆಕೆಂಡಿಗೊಮ್ಮೆ. ಮೇಲೆ ನೀರು ಒಸರಿ ಹೊಳೆದರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳಿಸಿ. ಒಸರದಿದ್ದರೆ ಸರಕು ಸರಿಯಿದೆ ಅಂತಲ್ಲ. ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಲ್ಯಾಬ್ ಅಳೆದ ತೇವಾಂಶ, ಆ ಸರಕಿಗೆ ಗೊತ್ತುಮಾಡಿದ ಸಾಗಣೆ ಮಿತಿಗಿಂತ ಕೆಳಗಿದೆಯೇ ಎನ್ನುವುದೇ ಲೆಕ್ಕ.

ನಿಮ್ಮ ಮೇಜಿಗೆ ಬರುವುದು ಆ ತೇವಾಂಶದ ಸರ್ಟಿಫಿಕೇಟು. ಮೊದಲು ತಾರೀಖು ನೋಡಿ: ಸ್ಯಾಂಪಲ್ ತೆಗೆದದ್ದಕ್ಕೂ ಲೋಡಿಂಗಿಗೂ ನಡುವೆ ಏಳು ದಿನ ಮೀರಿರಬಾರದು. ನಡುವೆ ಜೋರು ಮಳೆ ಬಿದ್ದಿದ್ದರೆ ಮತ್ತೆ ಟೆಸ್ಟ್ ಮಾಡಿಸಿ ಅನ್ನಿ, ಸರಕು ಕಳಿಸುವ ಶಿಪ್ಪರ್ ಮುಖ ಸಿಂಡರಿಸಿದರೂ ಸರಿಯೇ.