ವೈದ್ಯರನ್ನು ನಿಭಾಯಿಸುವ ಮೊದಲು ಅಳತೆಯ ಟೇಪನ್ನು ನೋಡಿ

ವಿದೇಶಿ ದೇಣಿಗೆಯಿಂದ ಮೂರು ಸಂಸ್ಥೆಗಳು ಕೂಡಿ ನಡೆಸುವ, ಬೊಜ್ಜು ಮತ್ತು ಆರೋಗ್ಯ ಅಸಮಾನತೆ ಕುರಿತ ಸಂಶೋಧನಾ ಕೇಂದ್ರಕ್ಕೆ ವ್ಯವಸ್ಥಾಪಕರಾಗಿ ಸೇರುತ್ತಿರುವ ತಾವು, ವೈದ್ಯರಲ್ಲದವರ ಮಾತನ್ನು ಹಿರಿಯ ವೈದ್ಯರು ಕೇಳುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ವಾಣಿಜ್ಯ ಪದವಿ ಹಿಡಿದು ಇಂಥದೇ ಕುರ್ಚಿಯಲ್ಲಿ ಕುಳಿತ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು. ಅದರ ಬೆನ್ನು ಹತ್ತಿದ್ದರಿಂದಲೇ ನಾನು ಕೆಟ್ಟೆ.

ನಗರದ ಬಡಾವಣೆಗಳನ್ನು ಒಂದು ವೈದ್ಯಕೀಯ ಕಾಲೇಜು, ಸುತ್ತಲಿನ ಹಳ್ಳಿಗಳನ್ನು ಒಂದು ಸ್ವಯಂಸೇವಾ ಸಂಸ್ಥೆ ವಹಿಸಿಕೊಂಡಿದ್ದವು. ಮೂರನೆಯದು ರಕ್ತಪರೀಕ್ಷೆಯ ಪ್ರಯೋಗಾಲಯ. ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಸಭೆ ಯಾರ ಕಟ್ಟಡದಲ್ಲಿ ಎಂಬ ಹಗ್ಗಜಗ್ಗಾಟ ಬಿಡಿಸುವುದರಲ್ಲೇ ಮುಳುಗಿದ್ದ ನಾನು, ಅಳತೆಯ ಕೈಪಿಡಿ ವೈದ್ಯರ ವಿಷಯವೆಂದು ಬದಿಗಿಟ್ಟು, ಆಯಾ ಸಂಸ್ಥೆ ತನ್ನ ಹಳೆಯ ನಮೂನೆಯನ್ನೇ ಬಳಸಲಿ ಎಂದು ಸಹಿ ಹಾಕಿದೆ.

ಇದನ್ನು ಬಿಡಿಸಿ ಹೇಳಬೇಕು. ಸೊಂಟದ ಸುತ್ತಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯೆ ಅಳೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕ್ರಮದಲ್ಲಿ ಆ ಮೇಲಂಚಿನ ಮೇಲೆಯೇ ಟೇಪು ಹಿಡಿಯುತ್ತಾರೆ. ಹೆಂಗಸರಲ್ಲಿ ಈ ಎರಡೂ ಜಾಗಗಳ ಅಳತೆ ಒಂದೇ ಬರುವುದಿಲ್ಲ. ನಮ್ಮವರಿಗೆ ಹೊಟ್ಟೆಯ ಬೊಜ್ಜಿನ ಗೆರೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90. ಟೇಪು ತುಸು ಕೆಳಗೆ ಸರಿದರೂ ಸಾಕು, ಗೆರೆಯ ಈಚೆಗಿದ್ದವಳು ಆಚೆಗೆ ಹೋಗುತ್ತಾಳೆ. ಕಾಲೇಜಿನವರು ಒಂದು ಕ್ರಮ ಅನುಸರಿಸಿದರು, ಸಂಸ್ಥೆಯವರು ಇನ್ನೊಂದನ್ನು. ಸಾಲದೆಂಬಂತೆ, ಸೀರೆಯ ನೆರಿಗೆ ಬಿಚ್ಚಿ, ಲಂಗದ ಲಾಡಿ ಕೆಳಗಿಳಿಸಿ, ಉಸಿರು ಬಿಟ್ಟಾದ ಮೇಲೆ ಅಳೆಯಬೇಕಾದಲ್ಲಿ, ನಡುಮನೆಯಲ್ಲಿ ಮಾವ, ಮೈದುನ ಕೂತಿರುವಾಗ ಯಾವ ಸೊಸೆ ಲಾಡಿ ಸಡಿಲಿಸುತ್ತಾಳೆ? ಕಾರ್ಯಕರ್ತೆಯರು ಸೀರೆಯ ಮೇಲೆಯೇ ಟೇಪು ಸುತ್ತಿ ಬಂದರು. ಅಂಕಿಅಂಶಗಳನ್ನು ಕೂಡಿಸಿದಾಗ ನಗರಕ್ಕೂ ಹಳ್ಳಿಗೂ ಕಂಡ ವ್ಯತ್ಯಾಸ ಜನರದೋ ಟೇಪಿನದೋ ಹೇಳುವವರಿರಲಿಲ್ಲ. ಕೆಲವರನ್ನಾದರೂ ಎರಡೂ ಬಗೆಯಲ್ಲಿ ಅಳೆದಿದ್ದರೆ ತಾಳೆ ನೋಡಬಹುದಿತ್ತು; ಅಳೆದಿರಲಿಲ್ಲ. ಅಸಮಾನತೆಯನ್ನು ಅಳೆಯಲೆಂದೇ ಹುಟ್ಟಿದ ಕೇಂದ್ರದಲ್ಲಿ ಅಸಮಾನವಾಗಿದ್ದದ್ದು ಅಳತೆಯೇ. ಅಷ್ಟೂ ದತ್ತಾಂಶವನ್ನು ಕೈಬಿಡಬೇಕಾಯಿತು, ಮುಂದಿನ ವರ್ಷದ ಅನುದಾನವೂ ಹೋಯಿತು.

ಆದ್ದರಿಂದ ತಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವೈದ್ಯರ ಜಗಳದಿಂದ ಸಂಶೋಧನೆ ತಡವಾಗುತ್ತದೆಯೇ ಹೊರತು ಸುಳ್ಳಾಗುವುದಿಲ್ಲ. ತಾವು ಕೂರಬೇಕಾದದ್ದು ಕಾರ್ಯಕರ್ತೆಯರ ಜೊತೆ: ಎರಡೂ ತಂಡಗಳನ್ನು ಒಂದೇ ಕೋಣೆಗೆ ಕರೆದು, ಅದೇ ಹೆಂಗಸರನ್ನು ಎಲ್ಲರಿಂದಲೂ ಅಳೆಯಿಸಿ, ಅಂಕಿಗಳು ಹೊಂದುವ ತನಕ ಯಾರನ್ನೂ ಊರಿಗೆ ಕಳಿಸಬೇಡಿ, ಪ್ರತಿ ತಂಡಕ್ಕೂ ಒಂದು ಮಡಚುವ ಪರದೆ ಕೊಡಿಸಿ. ಹತ್ತು ಗಂಟೆಗೆ ಹೊರಡುವ ಜೀಪು ಕೂಲಿಗೆ ಹೋದವರನ್ನು ಎಂದೂ ಕಾಣುವುದಿಲ್ಲ. ಬಾಗಿಲು ತೆರೆದ ಮನೆಗಳನ್ನಷ್ಟೇ ಎಣಿಸಿದರೆ ಬಡವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ, ಆದ್ದರಿಂದ ಬೆಳಗಿನ ಆರಕ್ಕೋ ಸಂಜೆಗೋ ಹೋಗುವವರಿಗೆ ಭತ್ಯೆ ಇಡಿ. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿ.ಎಂ.ಐ. ಸೂಚ್ಯಂಕದ ಗೆರೆಯನ್ನೂ ಮೊದಲೇ ಇತ್ಯರ್ಥ ಮಾಡಿಸಿ; ಭಾರತೀಯರಿಗೆ ಬೊಜ್ಜು 25ಕ್ಕೇ ಶುರುವೆಂದು ಇಲ್ಲಿನವರು, 30ಕ್ಕೆಂದು ವಿದೇಶದವರು ಕೊನೆಯ ತನಕ ವಾದಿಸುತ್ತಾರೆ.

ಹಣದ ವಿಷಯದಲ್ಲಿ ಮಾತ್ರ ವೈದ್ಯರ ಮಾತಿಗೆ ಕಾಯಬೇಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ವೆಚ್ಚವೂ ಶೇ. 20 ಮೀರುವಂತಿಲ್ಲ. ಕಾಲೇಜಿಗೆ ಬಂದ ಹಣದಲ್ಲಿ ಹಳ್ಳಿಯ ಸಂಸ್ಥೆಗೆ ಪಾಲು ಕೊಡುತ್ತೇವೆಂದು ಒಡಂಬಡಿಕೆಯಲ್ಲಿ ಬರೆದಿದ್ದರೆ, ಸೇರುವ ಮುಂಚೆಯೇ ಅದನ್ನು ತಿದ್ದಿಸಿಕೊಳ್ಳಿ.