ನಾಲ್ಕನೇ ಗುಂಡು ಎಲ್ಲಿಂದ ಬಂತು?

ಈ ಸಲ ಗಾಂಧಿ ಹತ್ಯೆಯ ಬಗ್ಗೆಯೇ ಪ್ರಶ್ನೆಗಳು ಜಾಸ್ತಿ. ಯಾವುದೋ ಒಂದು ವಿಡಿಯೊ ಊರೂರು ಸುತ್ತುತ್ತಿದೆ ಅಂತ ಕಾಣುತ್ತೆ. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಗಾಂಧೀಜಿಗೆ ಬಿದ್ದದ್ದು ನಾಲ್ಕು ಗುಂಡು, ಗೋಡ್ಸೆ ಹೊಡೆದದ್ದು ಮೂರು, ನಾಲ್ಕನೆಯದು ಬೇರೆ ಯಾರದೋ ಅಂತ ನಮ್ಮ ವಾಕಿಂಗ್ ಗೆಳೆಯರು ದಿನಾ ವಾದ ಹಾಕುತ್ತಾರೆ. ಖರೇ ಏನ್ರೀ?
– ನಿವೃತ್ತ ಮಾಸ್ತರರು, ಗದಗ

ಉತ್ತರ: ಮೂರೇ, ಮಾಸ್ತರರೇ. ಆದರೆ ನಿಮ್ಮ ಗೆಳೆಯರು ಸುಮ್ನೆ ಕತೆ ಕಟ್ಟಿಲ್ಲ, ಈ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಬಳಕೆಯಾದದ್ದು ಇಟಲಿಯಲ್ಲಿ ತಯಾರಾದ 9 ಎಂಎಂ ಬೆರೆಟ್ಟಾ ಪಿಸ್ತೂಲ್, ನಂಬರ್ 606824. ಅದರ ಮ್ಯಾಗಜೀನ್‌ನಲ್ಲಿ ಏಳು ಗುಂಡು ಹಿಡಿಯುತ್ತವೆ. ವಾದ ಏನಪ್ಪಾ ಅಂದರೆ, ಏಳರಲ್ಲಿ ಮೂರು ಹಾರಿದವು, ನಾಲ್ಕು ಪಿಸ್ತೂಲಿನಲ್ಲೇ ಉಳಿದವು, ಹಾಗಾಗಿ ನಾಲ್ಕನೇ ಗಾಯ ಇದ್ದರೆ ಅಲ್ಲಿ ಇನ್ನೊಂದು ಪಿಸ್ತೂಲ್ ಇರಲೇಬೇಕು. ಲೆಕ್ಕ ಸರಿ ಇದೆ. ಆದರೆ ಆ ‘ಇದ್ದರೆ’ ಅನ್ನುವುದಕ್ಕೆ ಆಧಾರ ಏನು? ಮರುದಿನದ ಕೆಲವು ಪತ್ರಿಕೆಗಳು ನಾಲ್ಕು ಗುಂಡು ಎಂದು ಬರೆದಿದ್ದವು, ಮುಖ್ಯವಾಗಿ ಅದೇ ಬಂಡವಾಳ. ಪ್ರಾರ್ಥನೆಗೆ ಬಂದಿದ್ದ ಜನ ಸದ್ದಿಗೆ ಬೆಚ್ಚಿ ಬಿದ್ದಿದ್ದಾರೆ, ವರದಿಗಾರ ಅವರನ್ನು ಕೇಳಿ ಗಡಿಬಿಡಿಯಲ್ಲಿ ಸುದ್ದಿ ಕಳಿಸಿದ್ದಾನೆ. ಆ ಹೊತ್ತಿನಲ್ಲಿ ಯಾರು ಎಣಿಸುತ್ತಾ ನಿಂತಿರುತ್ತಾರೆ ಹೇಳಿ.

ಇಲ್ಲಿ ಒಂದು ಲೋಪ ಮಾತ್ರ ನಿಜಕ್ಕೂ ಇದೆ, ಅದನ್ನು ಒಪ್ಪಲೇಬೇಕು. ಗಾಂಧೀಜಿಯವರ ದೇಹದ ಪೂರ್ತಿ ಪೋಸ್ಟ್‌ಮಾರ್ಟಂ ಆಗಲಿಲ್ಲ. ವೈದ್ಯರು ಹೊರಗಿನ ಗಾಯಗಳನ್ನು ನೋಡಿ ಬರೆದರು, ಮರುದಿನವೇ ಅಂತ್ಯಕ್ರಿಯೆ ಆಯಿತು. ಪೋಸ್ಟ್‌ಮಾರ್ಟಂ ಆಗಿದ್ದರೆ ಗುಂಡು ಎಲ್ಲಿ ಹೊಕ್ಕಿತು, ಎಲ್ಲಿಂದ ಹೊರಬಿತ್ತು ಎಂಬುದೆಲ್ಲ ಒಂದು ಹಾಳೆಯಲ್ಲಿ ಇರುತ್ತಿತ್ತು, ಇವತ್ತು ನಿಮ್ಮ ವಾಕಿಂಗ್ ನಿಶ್ಚಿಂತೆಯಿಂದ ಮುಗಿಯುತ್ತಿತ್ತು. ಮರುತನಿಖೆ ಬೇಕು ಎಂದು ಮುಂಬೈನ ಸಂಶೋಧಕರೊಬ್ಬರು ಅರ್ಜಿ ಹಾಕಿದಾಗ ಸುಪ್ರೀಂ ಕೋರ್ಟ್ ತನಗೆ ನೆರವಾಗಲು ಹಿರಿಯ ವಕೀಲ ಅಮರೇಂದ್ರ ಶರಣ್ ಅವರನ್ನು ನೇಮಿಸಿತು. ಅವರು ಹಳೇ ಕಡತಗಳನ್ನೆಲ್ಲ ಜಾಲಾಡಿ, ಎರಡನೇ ಹಂತಕನಿದ್ದ ಎನ್ನಲು ಏನೂ ಸಿಗಲಿಲ್ಲ ಎಂದರು. 2018ರ ಮಾರ್ಚ್‌ನಲ್ಲಿ ಅರ್ಜಿ ವಜಾ ಆಯಿತು.

ಪ್ರಶ್ನೆ: ಗುಂಡು ನೋಡಿ ಇದು ಇದೇ ಪಿಸ್ತೂಲಿನದು ಅಂತ ಹೇಗೆ ಹೇಳುತ್ತಾರೆ? ಅದನ್ನು ನಂಬಬಹುದಾ ಸರ್?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಚಕ್ಕುಲಿ ಒತ್ತುವ ಅಚ್ಚನ್ನು ನೆನಪಿಸಿಕೊಳ್ಳಮ್ಮ. ಬಿಲ್ಲೆಯ ಒಂದು ಹಲ್ಲು ಮುಕ್ಕಾಗಿದ್ದರೆ ಒತ್ತಿದ ಚಕ್ಕುಲಿಯಲ್ಲೆಲ್ಲ ಅದೇ ಗೆರೆ. ಪಿಸ್ತೂಲಿನ ನಳಿಗೆಯ ಒಳಗೆ ಸುರುಳಿಯಾಗಿ ಕಾಲುವೆ ಕೊರೆದಿರುತ್ತಾರೆ, ಗುಂಡು ಗಿರಗಿರ ತಿರುಗುತ್ತಾ ನೇರ ಹೋಗಲಿ ಅಂತ. ಆ ಕಾಲುವೆಯ ಗೆರೆಗಳು ಗುಂಡಿನ ಮೈಮೇಲೆ ಮೂಡುತ್ತವೆ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕಾಟ್ರಿಜ್‌ನ ಹಿಂಭಾಗದಲ್ಲಿ ಪಿನ್ ಬಡಿದ ಗುರುತೂ ಉಳಿಯುತ್ತೆ. ಪ್ರಯೋಗಾಲಯದಲ್ಲಿ ಅದೇ ಪಿಸ್ತೂಲಿನಿಂದ ಹೊಸ ಗುಂಡು ಹಾರಿಸಿ, ಹಳೆಯದನ್ನೂ ಹೊಸದನ್ನೂ ಜೋಡಿ ಸೂಕ್ಷ್ಮದರ್ಶಕದಡಿ ಅಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಕೂಡುತ್ತಾ ನೋಡುತ್ತಾರೆ.

ಪಿಸ್ತೂಲ್ ಕೈಗೆ ಸಿಗದಿದ್ದರೂ ಎರಡು ಕಡೆ ಸಿಕ್ಕ ಗುಂಡುಗಳನ್ನೇ ಒಂದಕ್ಕೊಂದು ಹೋಲಿಸಬಹುದು. ಇದಕ್ಕೆ ನೀವು ದೂರ ಹೋಗಬೇಕಿಲ್ಲ. 2015ರ ಆಗಸ್ಟ್ 30ರಂದು ನಿಮ್ಮೂರಿನ ಕಲ್ಯಾಣ ನಗರದಲ್ಲಿ ಎಂ.ಎಂ. ಕಲಬುರ್ಗಿಯವರಿಗೆ ತಗುಲಿದ ಗುಂಡುಗಳೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರಿಗೆ ತಗುಲಿದವೂ ಒಂದೇ 7.65 ಎಂಎಂ ನಾಡಪಿಸ್ತೂಲಿನವು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಉಳಿದದ್ದು ಕೋರ್ಟಿನ ವಿಷಯ, ಇಲ್ಲಿ ಬೇಡ.

ನಂಬಬಹುದಾ ಅಂದರೆ, ಎಚ್ಚರದಿಂದ ನಂಬಬೇಕು. ಗೆರೆ ಕೂಡಿತು ಎಂದು ತೀರ್ಮಾನಿಸುವುದು ಕೊನೆಗೆ ಒಬ್ಬ ಮನುಷ್ಯನ ಕಣ್ಣು. ಈ ದೌರ್ಬಲ್ಯವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೇ 2009ರಲ್ಲಿ ಎತ್ತಿ ತೋರಿಸಿತ್ತು. ಇನ್ನೊಂದು ಮಾತು: ಗುಂಡು ಯಾವ ಪಿಸ್ತೂಲಿನದು ಅಂತ ಗೆರೆ ಹೇಳೀತು, ಅದನ್ನು ಹಿಡಿದಿದ್ದ ಕೈ ಯಾರದು ಅಂತ ಹೇಳುವುದಿಲ್ಲ. ಅದಕ್ಕೆ ಸಾಕ್ಷಿ ಬೇರೆಯೇ ಬೇಕು. ಮುಂದೆ ನೀವೇ ಪಾಟೀಸವಾಲು ಮಾಡುವಾಗ ಇದು ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ಹಾಗಾದರೆ ಪಿತೂರಿ ಅನ್ನೋದೆಲ್ಲ ಸುಳ್ಳಾ?
– ಕಿರಾಣಿ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಪಿತೂರಿ ಇತ್ತಲ್ರೀ! ಕೆಂಪುಕೋಟೆಯಲ್ಲಿ ವಿಚಾರಣೆ ನಡೆದದ್ದೇ ಅದರ ಮೇಲೆ. ನ್ಯಾಯಾಧೀಶ ಆತ್ಮಚರಣ್ 1949ರ ಫೆಬ್ರುವರಿ 10ರಂದು ತೀರ್ಪು ಕೊಟ್ಟರು. ಗೋಡ್ಸೆ ಮತ್ತು ನಾರಾಯಣ ಆಪ್ಟೆ ಗಲ್ಲಿಗೇರಿದರು, ಸಾವರ್ಕರ್ ಖುಲಾಸೆಯಾದರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಜನ ಇಲ್ಲದ ನಾಲ್ಕನೇ ಗುಂಡನ್ನು ಹುಡುಕುತ್ತಾರೆ, ಕಣ್ಣೆದುರಿಗೇ ಇರುವ ಹತ್ತು ದಿನಗಳನ್ನು ಕೇಳುವುದಿಲ್ಲ. ಜನವರಿ 20ರಂದೇ ಅದೇ ಬಿರ್ಲಾ ಭವನದಲ್ಲಿ ಪ್ರಾರ್ಥನೆ ಹೊತ್ತಿಗೆ ಸ್ಫೋಟ ಆಗಿತ್ತು. ಅದನ್ನು ಮಾಡಿದ ಮದನ್‌ಲಾಲ್ ಪಹ್ವಾ ಸ್ಥಳದಲ್ಲೇ ಸಿಕ್ಕಿಬಿದ್ದ. ಮರುದಿನ ಬೊಂಬಾಯಿಯಲ್ಲಿ ಪ್ರೊಫೆಸರ್ ಜೆ.ಸಿ. ಜೈನ್ ಅಲ್ಲಿನ ಪ್ರಾಂತ ಸರ್ಕಾರದ ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನು ಕಂಡು, ಸಂಚಿನ ಬಗ್ಗೆ ಮದನ್‌ಲಾಲ್ ತನ್ನೆದುರು ಏನೇನು ಹೇಳಿಕೊಂಡಿದ್ದ ಎಂದು ತಿಳಿಸಿದರು. ದೆಹಲಿ ಪೊಲೀಸರು ಒಂದು ಕಡೆ, ಬೊಂಬಾಯಿ ಪೊಲೀಸರು ಇನ್ನೊಂದು ಕಡೆ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಅಷ್ಟರಲ್ಲಿ ಗೋಡ್ಸೆ ಗ್ವಾಲಿಯರ್‌ಗೆ ಹೋಗಿ ಪಿಸ್ತೂಲ್ ತಂದ. ಪೊಲೀಸರು ಸ್ವಲ್ಪ ಚುರುಕಾಗಿದ್ದರೆ ಇದು ತಪ್ಪುತ್ತಿತ್ತೇನೋ ಎಂದು ಆತ್ಮಚರಣ್ ತೀರ್ಪಿನಲ್ಲೇ ಬರೆದಿದ್ದಾರೆ. ಸರ್ಕಾರ ನೇಮಿಸಿದ ಕಪೂರ್ ತನಿಖಾ ಆಯೋಗ 1966ರಿಂದ 1969ರವರೆಗೆ ಕೂತು ಇದನ್ನೇ ಕೆದಕಿತು. ಆ ವರದಿ ಓದಿದವರು ಎಷ್ಟು ಜನ, ವಿಡಿಯೊ ನೋಡಿದವರು ಎಷ್ಟು ಜನ, ನೀವೇ ಹೇಳಿ.

ಪ್ರಶ್ನೆ: ಕೆನಡಿ ಕೊಲೆಯಲ್ಲೂ ನಾಲ್ಕನೇ ಗುಂಡು ಅಂತಾರಲ್ಲ?
– ಓದುಗ, ಹಳೇ ಹುಬ್ಬಳ್ಳಿ

ಉತ್ತರ: ಹೌದು, ಅಲ್ಲಿಯೂ ಮೂರು-ನಾಲ್ಕರದೇ ಜಗಳ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಡಲ್ಲಾಸ್‌ನಲ್ಲಿ ಗುಂಡು ಬಿದ್ದಾಗ, ಅದು ಹಾರಿದ ಕಟ್ಟಡದ ಆರನೇ ಮಹಡಿಯಲ್ಲಿ ಸಿಕ್ಕದ್ದು ಮೂರು ಖಾಲಿ ಕಾಟ್ರಿಜ್. 1979ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ಪೊಲೀಸ್ ರೇಡಿಯೊದ ಧ್ವನಿಮುದ್ರಣ ಕೇಳಿ ನಾಲ್ಕು ಎಂದಿತು. 1982ರಲ್ಲಿ ವಿಜ್ಞಾನಿಗಳ ಸಮಿತಿ ಅದೇ ಮುದ್ರಣ ಪರೀಕ್ಷಿಸಿ, ಆ ಸದ್ದುಗಳು ಗುಂಡು ಹಾರಿದ ಹೊತ್ತಿನವೇ ಅಲ್ಲ, ಸುಮಾರು ಒಂದು ನಿಮಿಷ ಆಮೇಲಿನವು ಎಂದಿತು. ಜಗಳ ಮಾತ್ರ ಇನ್ನೂ ನಿಂತಿಲ್ಲ.