ಹೊಲದಲ್ಲಿ ವೈರ್ ಎಳೆದರು, ಕೆಳಗೆ ತಾಮ್ರ ಇದೆಯಾ?

ಪ್ರಶ್ನೆ: ನಮ್ಮೂರು ಸುರಪುರ ತಾಲೂಕಿನ ತಿಂಥಣಿ ಕಡೆ. ಬೇಸಿಗೆಯಲ್ಲಿ ಕೆಲವರು ಬಂದು ನಮ್ಮ ಹೊಲದಲ್ಲಿ ಕಬ್ಬಿಣದ ಸಲಾಕೆ ನೆಟ್ಟು, ಬುಡಕ್ಕೆ ಉಪ್ಪುನೀರು ಸುರಿದು, ಉದ್ದಕ್ಕೂ ವೈರ್ ಎಳೆದು ಅಳತೆ ಮಾಡಿದರು. ತಾಮ್ರ ಹುಡುಕ್ತಿದ್ದೀವಿ ಅಂದರು. ಮಿಷಿನ್‌ಗೆ ತಾಮ್ರ ಕಾಣುತ್ತಾ? ಈಗ ಬೋರ್ ಹಾಕ್ತಾರಂತೆ, ಅದೂ ಓರೆಯಾಗಿ. ಹೊಲ ಹೋಗುತ್ತಾ?

ಉತ್ತರ: ಮಿಷಿನ್‌ಗೆ ತಾಮ್ರ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವೈರ್ ನೋಡಿದ ಮರುದಿನವೇ ಊರಲ್ಲಿ ಗಣಿ ಬಂದೇಬಿಟ್ಟಿತು ಅಂತ ಸುದ್ದಿ ಹಬ್ಬುತ್ತದೆ.

ಒಣ ನೆಲಕ್ಕೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ, ಉಪ್ಪುನೀರು ಅದಕ್ಕೇ. ಸಲಾಕೆಗಳ ಮೂಲಕ ಒಂದೆರಡು ಸೆಕೆಂಡ್ ಕರೆಂಟ್ ಬಿಟ್ಟು ಪಟ್ಟನೆ ನಿಲ್ಲಿಸುತ್ತಾರೆ. ಕೆಳಗೆ ಬರೀ ಗ್ರಾನೈಟ್ ಇದ್ದರೆ ವೋಲ್ಟೇಜ್ ಕೂಡಲೇ ಬಿದ್ದುಹೋಗುತ್ತದೆ. ಗಂಧಕದ ಜೊತೆ ಸೇರಿದ ಲೋಹದ ಕಣಗಳು ಕಲ್ಲಿನಲ್ಲಿ ಚದುರಿದ್ದರೆ ಅವು ಚೂರು ಚಾರ್ಜ್ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಆ ನಿಧಾನವನ್ನೇ ಅಳೆಯುವುದು. ಇದಕ್ಕೆ ಐಪಿ ಸರ್ವೆ ಅಂತಾರೆ.

ತೊಂದರೆ ಇರುವುದು ಇಲ್ಲೇ. ಕಬ್ಬಿಣ, ಗಂಧಕ ಸೇರಿದ, ಕೆಲಸಕ್ಕೆ ಬಾರದ ಪೈರೈಟ್ ಕೂಡ ಹಾಗೇ ಮಾಡುತ್ತದೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಅಂತೂ ಇನ್ನೂ ಜೋರು. ಸತುವಿನ ಅದಿರು ಕರೆಂಟ್‌ಗೆ ಹೆಚ್ಚುಕಮ್ಮಿ ಜಗ್ಗುವುದೇ ಇಲ್ಲ. ಜೊತೆಗೆ ಎರೆ ಮಣ್ಣು ಹಸಿ ಇದ್ದರೆ ಕರೆಂಟ್ ಮೇಲಿನ ಪದರದಲ್ಲೇ ಹರಿದುಹೋಗಿ ಆಳದ್ದು ಮಸುಕಾಗುತ್ತದೆ. ಅದಕ್ಕೇ ಅಯಸ್ಕಾಂತದ ಅಳತೆ, ಗುರುತ್ವದ ಅಳತೆ ಎಲ್ಲ ಒಟ್ಟಿಗಿಟ್ಟು ನೋಡುತ್ತಾರೆ. ಇಷ್ಟಾದರೂ ಸಿಗುವುದು ‘ಇಲ್ಲಿ ಬೋರ್ ಹಾಕಿ ನೋಡಬಹುದು’ ಅನ್ನುವ ಒಂದು ಜಾಗ ಮಾತ್ರ.

ಈ ಬೋರ್ ನಿಮ್ಮ ನೀರಿನ ಬೋರ್ ಅಲ್ಲ. ನೀರಿನ ಬೋರ್ ಕಲ್ಲನ್ನು ಪುಡಿ ಮಾಡಿ ಗಾಳಿಯಲ್ಲಿ ಊದಿಬಿಡುತ್ತದೆ. ಇಲ್ಲಿ ಬಳೆಯಂಥ ವಜ್ರದ ಬಿಟ್ ಸುತ್ತಲೂ ಕೊರೆಯುತ್ತಾ ಹೋಗುತ್ತದೆ, ನಡುವಿನ ಕಲ್ಲು ಇಡಿಯಾಗಿ ಉಳಿಯುತ್ತದೆ. ಸಾಮಾನ್ಯವಾಗಿ ಬಳಸುವ ಸೈಜಿನಲ್ಲಿ ಅದರ ದಪ್ಪ ಸುಮಾರು 48 ಮಿಲಿಮೀಟರ್. ಕೋರ್ ಅಂತಾರೆ. ನಮ್ಮ ಕಡೆಯ ಹಳೇ ಬಂಡೆಗಳಲ್ಲಿ ಅದಿರಿನ ಪಟ್ಟಿಗಳು ಬಹುಪಾಲು ನೆಟ್ಟಗೆ ನಿಂತಿರುತ್ತವೆ. ನೇರಕ್ಕೆ ಕೊರೆದರೆ ಪಟ್ಟಿಯ ಪಕ್ಕದಲ್ಲೇ ಸುಮ್ನೆ ಇಳಿದುಹೋಗಬಹುದು, ಓರೆಯಾಗಿ ಕೊರೆದರೆ ಅಡ್ಡ ಕತ್ತರಿಸುತ್ತದೆ.

ಕೋರ್ ಪೆಟ್ಟಿಗೆಗೆ ಬಂದಾಗ ಹತ್ತಿರ ಹೋಗಿ ನೋಡಿ. ಹಿತ್ತಾಳೆಯಂತೆ ಹೊಳೆಯುವ ಹಳದಿ ಚುಕ್ಕೆ ಇದ್ದರೆ ಚಿನ್ನ ಅಂತ ಕುಣಿಯಬೇಡಿ. ತಾಮ್ರದ ಅದಿರಾದ ಚಾಲ್ಕೋಪೈರೈಟನ್ನು ಚಾಕುವಿನಿಂದ ಗೀರಿದರೆ ಹಸಿರು ಮಿಶ್ರಿತ ಕಪ್ಪು ಪುಡಿ ಉದುರುತ್ತದೆ. ಪೈರೈಟ್‌ಗೆ ಚಾಕು ನಾಟುವುದೇ ಇಲ್ಲ. ಆಮೇಲೆ ಕೋರ್ ಅನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಲ್ಯಾಬ್‌ಗೆ ಕಳಿಸುತ್ತಾರೆ, ಇನ್ನರ್ಧ ಪೆಟ್ಟಿಗೆಯಲ್ಲೇ ಇರುತ್ತದೆ. ನೂರು ಕಿಲೋ ಕಲ್ಲಿನಲ್ಲಿ ಒಂದು ಕಿಲೋ ತಾಮ್ರ ಸಿಕ್ಕರೆ ಒಳ್ಳೆಯ ಅದಿರೇ. ಆದರೆ ಒಂದು ಬೋರ್‌ನಲ್ಲಿ ಸಿಕ್ಕರೆ ಸಾಲದು, ಪಕ್ಕದ್ದರಲ್ಲೂ ಸಿಗಬೇಕು. ತಿಂಥಣಿ ಸುತ್ತ ತಾಮ್ರದ ಕುರುಹು ಇರುವುದು ಹಳೇ ಸಂಗತಿ. ಕುರುಹು ಇದ್ದಲ್ಲೆಲ್ಲ ಗಣಿ ಆಗುವುದಿಲ್ಲ, ಅಲ್ವಾ?

ಹೊಲದ ವಿಚಾರ: ಬೋರ್ ಹಾಕಿದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಹುಡುಕಾಟದ ಪರವಾನಗಿ ಬೇರೆ, ಗಣಿ ಗುತ್ತಿಗೆ ಬೇರೆ. ಗಣಿ ಮತ್ತು ಖನಿಜ ಕಾಯ್ದೆಗೆ (ಎಂಎಂಡಿಆರ್) 2023ರಲ್ಲಿ ಆದ ತಿದ್ದುಪಡಿಯಲ್ಲಿ ತಾಮ್ರ, ಸತು, ಸೀಸ ಸೇರಿ 29 ಖನಿಜಗಳಿಗೆ ಹುಡುಕಾಟದ ಪ್ರತ್ಯೇಕ ಲೈಸೆನ್ಸ್ ಬಂದಿದೆ. ಹುಡುಕುವಾಗ ಬೆಳೆಗೋ ನೆಲಕ್ಕೋ ಹಾನಿಯಾದರೆ ಅದೇ ಕಾಯ್ದೆಯ 24ಎ ಕಲಂ ಪ್ರಕಾರ ನಿಮಗೆ ಪರಿಹಾರ ಸಿಗಬೇಕು. ಬಂದವರ ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಿ. ರಿಗ್ ಬರುವ ಮೊದಲೇ ಹೊಲದ ಫೋಟೊ ತೆಗೆಯಿರಿ.

ಪ್ರಶ್ನೆ: ಭಾಲ್ಕಿ, ಆಳಂದ ಕಡೆ ಯಾಕೆ ಇಂಥ ಹುಡುಕಾಟ ಕಾಣುವುದಿಲ್ಲ?

ಉತ್ತರ: ಸುರಪುರ ಕಡೆ 250 ಕೋಟಿ ವರ್ಷಕ್ಕೂ ಹಳೆಯ ಬಂಡೆ ಮೇಲೇ ಕಾಣುತ್ತದೆ. ನಿಮ್ಮ ಕಡೆ ಅದರ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕರಿಕಲ್ಲು ಹಾಸಿಕೊಂಡಿದೆ. ಅದರಲ್ಲೇ ಅಯಸ್ಕಾಂತದ ಗುಣ ಜಾಸ್ತಿ, ಹಾಗಾಗಿ ಕೆಳಗಿನ ಬಂಡೆಯ ಸುಳಿವು ಅದರ ಗದ್ದಲದಲ್ಲಿ ಮುಳುಗುತ್ತದೆ. ಕರಿಕಲ್ಲು ದಾಟಿ ಕೊರೆಯಬೇಕು ಅಂದರೆ ಖರ್ಚೂ ಏರುತ್ತದೆ. ಅಂಥ ಕಡೆ ಮೊದಲ ಬೋರ್‌ಗೆ ಯಾರೂ ಸುಲಭಕ್ಕೆ ದುಡ್ಡು ಬಿಚ್ಚುವುದಿಲ್ಲ.